ಎಲ್ಲಾ ಕೇಳಿಕೊಂಡು ಆಮೇಲೆ ‘ನೀವು ಬೇಡ’ ಅಂದ್ರೆ?

ಆ್ಯಪ್, ವೆಬ್‌ಸೈಟ್‌ಗಳನ್ನು ಹೊರಗೆ ಬಿಡುವ ಮೊದಲು ನಾಲ್ಕು ಜನರ ಕೈಗೆ ಕೊಟ್ಟು ನೋಡುತ್ತಾರಲ್ಲ, ಆ ನಾಲ್ಕು ಜನರಲ್ಲಿ ನಾನೂ ಒಬ್ಬಳು. ವಿದೇಶದ ಒಂದು ಪ್ಲಾಟ್‌ಫಾರ್ಮ್‌ನಲ್ಲಿ ಮನೆಯಿಂದಲೇ ಈ ಕೆಲಸ. ಟೆಸ್ಟ್ ಸಿಕ್ಕರೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿಕೊಂಡು ಆ್ಯಪ್ ಬಳಸಬೇಕು, ಬಳಸುವಾಗ ತಲೆಯಲ್ಲಿ ಓಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. 20 ನಿಮಿಷಕ್ಕೆ 10 ಡಾಲರ್. ಕೇಳೋಕೆ ಚೆನ್ನಾಗಿದೆ ಅಲ್ವಾ?

ಸಿಕ್ಕರೆ ಚೆನ್ನಾಗಿಯೇ ಇದೆ. ಸಿಗಬೇಕಲ್ಲ!

ಟೆಸ್ಟ್‌ಗೂ ಮೊದಲು ಸ್ಕ್ರೀನರ್ ಅಂತ ಒಂದಿದೆ. ನೀವು ಅವರಿಗೆ ಬೇಕಾದ ಗಿರಾಕಿ ಹೌದೋ ಅಲ್ಲವೋ ಅಂತ ನೋಡುವ ಪ್ರಶ್ನೆಗಳು. ವಯಸ್ಸೆಷ್ಟು, ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು, ಯಾವ ಬ್ಯಾಂಕು, ಸಾಲ ಇದೆಯಾ, ಯಾವ ಸಾಲ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ, ಮಾತ್ರೆ ಆನ್‌ಲೈನ್‌ನಲ್ಲಿ ತರಿಸುತ್ತೀರಾ, ತಿಂಗಳಿಗೆ ಎಷ್ಟು ಸಲ, ಯಾವ ಆ್ಯಪ್‌ನಲ್ಲಿ, ಯಾಕೆ ಅದೇ ಆ್ಯಪ್? ಈ ‘ಯಾಕೆ’ಗೆ ಎರಡು ಮೂರು ವಾಕ್ಯ ಟೈಪ್ ಮಾಡಲೇಬೇಕು, ಇಲ್ಲದಿದ್ದರೆ ಮುಂದಿನ ಬಟನ್ ಬೂದು ಬಣ್ಣದಲ್ಲೇ ಇರುತ್ತೆ. ಎಲ್ಲಾ ಮುಗಿಸಿ ಒತ್ತಿದರೆ, ‘ಕ್ಷಮಿಸಿ, ಈ ಟೆಸ್ಟ್‌ಗೆ ನೀವು ಹೊಂದುವುದಿಲ್ಲ.’ ಕಾರಣ ಇಲ್ಲ. ಕಾಸೂ ಇಲ್ಲ. ಹೆಣ್ಣು ನೋಡೋಕೆ ಬಂದು, ಕೇಸರಿಭಾತು ಉಪ್ಪಿಟ್ಟು ತಿಂದು, ‘ಆಮೇಲೆ ಹೇಳಿ ಕಳಿಸ್ತೀವಿ’ ಅಂತ ಎದ್ದು ಹೋಗೋರಿಗೂ ಇವರಿಗೂ ಏನು ವ್ಯತ್ಯಾಸ? ಅವರು ಹೇಳಿ ಕಳಿಸ್ತೀವಿ ಅಂತಾದರೂ ಅಂತಾರೆ.

ಸ್ಕ್ರೀನರ್ ಬೇಕು, ಒಪ್ಪುತ್ತೇನೆ. ಯಾರು ಬೇಕು ಅಂತ ಮೊದಲೇ ಹೇಳಿಬಿಟ್ಟರೆ ಎಲ್ಲರೂ ‘ನಾನೇ ಅವನು’ ಅಂತ ಬಂದು ಕೂರುತ್ತಾರೆ. ಆದರೆ ವಯಸ್ಸು, ಊರು, ಆದಾಯ ಎಲ್ಲವೂ ನನ್ನ ಪ್ರೊಫೈಲ್‌ನಲ್ಲೇ ಇದೆ. ಅದನ್ನೇ ಪ್ರತಿ ಸಲ ಯಾಕೆ ಕೇಳಬೇಕು? ನನ್ನನ್ನು ಬೇಡ ಅಂದ ಮೇಲೆ ನಾನು ಬರೆದ ಉತ್ತರ ಎಲ್ಲಿಗೆ ಹೋಗುತ್ತೆ? ‘ಯಾಕೆ ಅದೇ ಆ್ಯಪ್’ ಅನ್ನೋದು ಅರ್ಹತೆಯ ಪ್ರಶ್ನೆಯೇ ಅಲ್ಲ, ಅದು ಸರ್ವೇ. ಪುಕ್ಕಟೆ ಸರ್ವೇ. ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ಮಾಹಿತಿ ಕಾಯುವ ಕಾಯ್ದೆ ಪಾಸಾಗಿದೆ, ಯಾವ ಉದ್ದೇಶಕ್ಕೆ ಅಂತ ಹೇಳಿ ಒಪ್ಪಿಗೆ ತಗೊಂಡು ಅಷ್ಟಕ್ಕೇ ಬಳಸಬೇಕು ಅಂತ. ಇಲ್ಲಿ ‘ಒಪ್ಪಿದ್ದೇನೆ’ ಅನ್ನೋ ಚೌಕಕ್ಕೆ ಟಿಕ್ ಹಾಕದೆ ಮೊದಲ ಪ್ರಶ್ನೆಯೇ ತೆರೆಯುವುದಿಲ್ಲ. ಒಪ್ಪಿಗೆಯಂತೆ!

ಇಷ್ಟಾದರೂ ಒಂದೊಂದು ಟೆಸ್ಟ್‌ಗೂ ಟೆಸ್ಟರ್‌ಗಳು ಮುಗಿಬೀಳುತ್ತಾರೆ. ಅದಕ್ಕೆ ಒಂದು ಲೆಕ್ಕ ಕಾರಣ. ಈ ಕ್ಷೇತ್ರದ ದೊಡ್ಡ ಹೆಸರು ಜೇಕಬ್ ನೀಲ್ಸನ್, 5 ಜನರನ್ನು ಕೂರಿಸಿ ನೋಡಿದರೆ ಸಾಕು, ಸುಮಾರು 85% ತೊಂದರೆಗಳು ಸಿಕ್ಕಿಬಿಡುತ್ತವೆ ಅಂತ 2000ದಲ್ಲಿ ಬರೆದರು. ಅಂದಿನಿಂದ ಕಂಪನಿಗಳಿಗೆ 5 ಅನ್ನೋದು ಮಂತ್ರ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಿರಲಿಲ್ಲ: 15 ಜನರಿಗೆ ದುಡ್ಡಿದ್ದರೆ ಐದೈದು ಜನರಂತೆ ಮೂರು ಸಲ ಮಾಡಿ, ನಡುವೆ ಡಿಸೈನ್ ತಿದ್ದಿ ಅಂತ. ತಿದ್ದುವುದು, ಮತ್ತೆ ಕರೆಯುವುದು ಯಾರಿಗೆ ಬೇಕು? 5 ಜಾಗ ತೆರೆಯುತ್ತಾರೆ, ಪ್ರಪಂಚದ ಅಷ್ಟೂ ಟೆಸ್ಟರ್‌ಗಳು ಅದಕ್ಕೆ ಓಡುತ್ತಾರೆ. ಒಗ್ಗರಣೆ ಸೌಟು ಬಿಟ್ಟು ಓಡಿ ಬಂದು ಸ್ಕ್ರೀನರ್ ತುಂಬಿದರೆ, ಅರ್ಧದಲ್ಲಿ ‘ಜಾಗ ಭರ್ತಿಯಾಗಿದೆ.’

ಒಂದು ವಿಷಯಕ್ಕೆ ಮಾತ್ರ ನನಗೆ ಗೌರವ ಇದೆ. ಟೆಸ್ಟ್ ಮುಗಿದ ಮೇಲೆ ಕೆಲವರು ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಅನ್ನೋ ಹಾಳೆ ಕೊಡುತ್ತಾರೆ. ಜಾನ್ ಬ್ರೂಕ್ ಅನ್ನುವವರು 1986ರಲ್ಲಿ ಮಾಡಿದ್ದು. ಹತ್ತೇ ಹೇಳಿಕೆ, ಎಷ್ಟು ಒಪ್ಪುತ್ತೀರಿ ಅಂತ ಟಿಕ್ ಹಾಕಬೇಕು. ಒಂದು ಹೊಗಳಿದರೆ ಮುಂದಿನದು ತೆಗಳುತ್ತೆ, ಕಣ್ಣುಮುಚ್ಚಿ ಒಂದೇ ಕಡೆ ಟಿಕ್ ಹಾಕಿದರೆ ಸಿಕ್ಕಿಬೀಳುತ್ತೀರಿ. ಒಂದು ಸಿಸ್ಟಮ್ ಬಳಸೋಕೆ ಹೇಗಿದೆ ಅಂತ ಅಳೆಯಲು 10 ಹೇಳಿಕೆ ಸಾಕಾಗಿದೆ. ನನ್ನನ್ನು ಬೇಡ ಅನ್ನೋಕೆ ಇವರಿಗೆ ಅದಕ್ಕಿಂತ ಜಾಸ್ತಿ ಬೇಕು.

ಸರಿ, ಟೆಸ್ಟ್ ಸಿಕ್ಕಿತು ಅಂತಿಟ್ಟುಕೊಳ್ಳಿ. ‘ನಿಮಗೆ ಇಷ್ಟ ಬಂದ ಹಾಗೆ ಬಳಸಿ’ ಅಂತ ಇರುತ್ತೆ. ಆದರೆ ಕೊಟ್ಟಿರೋದು ಬರೀ ಚಿತ್ರ ಜೋಡಿಸಿದ ಪ್ರೊಟೋಟೈಪ್, ಕೆಲಸ ಮಾಡುವುದು ಒಂದೇ ಬಟನ್. ಬೇರೆ ಎಲ್ಲಿ ಮುಟ್ಟಿದರೂ ಆ ಬಟನ್ ಸುತ್ತ ನೀಲಿ ಚೌಕ ಮಿನುಗುತ್ತೆ. ಉತ್ತರವನ್ನು ಅವರೇ ತೋರಿಸಿ, ‘ಈ ಬಟನ್ ಹುಡುಕುವುದು ಎಷ್ಟು ಸುಲಭವಾಗಿತ್ತು’ ಅಂತ ಆಮೇಲೆ ಕೇಳುವುದು! ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದರೆ ಮುಗೀತು. ಮಾಡಿರುವುದಿಲ್ಲ.

ದುಡ್ಡಿನ ಕಥೆ ಬೇಡ ಬಿಡಿ. ವಾರ ಕಾಯಬೇಕು, ನಡುವಿನವರು ಡಾಲರ್‌ಗೆ ತಮ್ಮದೇ ರೇಟ್ ಹಾಕುತ್ತಾರೆ, ಜೊತೆಗೆ ಹೊರದೇಶದ ಹಣ ಯಾತಕ್ಕೆ ಬಂತು ಅಂತ ರಿಸರ್ವ್ ಬ್ಯಾಂಕಿನ ಪರ್ಪಸ್ ಕೋಡ್ ಬೇರೆ ಆರಿಸಬೇಕು. ಅದರ ಪಟ್ಟಿಯಲ್ಲಿ ‘ಆ್ಯಪ್ ನೋಡಿ ಗೊಣಗಿದ್ದಕ್ಕೆ’ ಅನ್ನೋದು ಇಲ್ಲ.

ನನ್ನ ಹೊಟ್ಟೆ ಉರಿದದ್ದು ಮೊನ್ನೆ. ಅಪರೂಪಕ್ಕೆ ಕನ್ನಡದಲ್ಲಿರುವ ಆ್ಯಪ್ ಬಂತು, ಬಿಲ್ ಕಟ್ಟುವಂಥದ್ದು. ಖುಷಿಯಾಯಿತು. ಮೊದಲ ಸೂಚನೆಯೇ, ದಯವಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ, ನಮ್ಮ ತಂಡಕ್ಕೆ ಕನ್ನಡ ಬರುವುದಿಲ್ಲ. ಹೋಗಲಿ ಅಂತ ಶುರು ಮಾಡಿದೆ. ಪರದೆ ತುಂಬಾ ಒತ್ತಕ್ಷರ ಕತ್ತರಿಸಿ ಹೋಗಿದೆ. ‘ಒಟ್ಟು ಮೊತ್ತ’ ಅಂತ ಇರಬೇಕಾದ ಕಡೆ ‘ಒಟು ಮೊತ’. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸಾಲು ಇಟ್ಟಿದ್ದಾರೆ, ಕನ್ನಡದ ಒತ್ತು ಕೆಳಗೆ ಇಳಿಯುತ್ತೆ ಅನ್ನೋದೇ ಗೊತ್ತಿಲ್ಲ. ಸಾಲಿನ ಎತ್ತರ ಸ್ವಲ್ಪ ಜಾಸ್ತಿ ಮಾಡಿ, ಬಟನ್‌ಗೂ ಕೆಳಗೆ ಜಾಗ ಬಿಡಿ, ಇಲ್ಲದಿದ್ದರೆ ನಮ್ಮ ಅಪ್ಪನಂಥವರು ಎಷ್ಟು ಕಟ್ಟಬೇಕು ಅಂತ ಓದಲು ಒದ್ದಾಡುತ್ತಾರೆ ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಪಕ್ಕದ ಸೈಟಿನಲ್ಲಿ ಟೈಲ್ಸ್ ಕಟ್ ಮಾಡುತ್ತಿದ್ದರು, ಕಿಟಕಿ ಮುಚ್ಚಿ ಫ್ಯಾನೂ ಆರಿಸಿ ಕೂತು ಹೇಳಿದೆ.

ಮರುದಿನ ಕ್ಲೈಂಟ್, ಅಂದ್ರೆ ಆ ಆ್ಯಪ್‌ನವರು, ನನ್ನ ಕೆಲಸಕ್ಕೆ ಕೊಟ್ಟದ್ದು 2 ಸ್ಟಾರ್. ‘ಕೊಟ್ಟ ಕೆಲಸಕ್ಕೆ ಸಂಬಂಧಪಡದ ಮಾತು ಜಾಸ್ತಿ.’

ಅವರಿಗೆ ಸಿಕ್ಕ ಅತಿ ಉಪಯೋಗದ ಮಾತು ಅದೇ ಆಗಿತ್ತು! ಸ್ಟಾರ್ ಇಳಿದರೆ ಮುಂದೆ ಟೆಸ್ಟ್ ಬರುವುದೂ ಕಡಿಮೆಯಾಗುತ್ತೆ. ಹಾಗಾಗಿ ಹಳೇ ಟೆಸ್ಟರ್‌ಗಳು ‘ತುಂಬಾ ನೀಟಾಗಿದೆ, ಬಣ್ಣ ಚೆನ್ನಾಗಿದೆ’ ಅಂತ ಹೊಗಳಿ 5 ಸ್ಟಾರ್ ಎಣಿಸಿಕೊಳ್ಳುತ್ತಾರೆ. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಸ್ಕ್ರೀನರ್‌ಗೆ ಹತ್ತು ರೂಪಾಯಿ ಆದರೂ ಕೊಡಿ, ಬೇಡ ಅಂದದ್ದು ಯಾಕೆ ಅಂತ ಒಂದು ಸಾಲು ಬರೆಯಿರಿ, ಸ್ಟಾರ್‌ಗೆ ಉತ್ತರ ಕೊಡಲು ನಮಗೂ ಅವಕಾಶ ಇರಲಿ. ಇಷ್ಟನ್ನೇ ಸಪೋರ್ಟ್‌ಗೆ ಬರೆದೆ. ಕ್ಲೈಂಟ್ ರೇಟಿಂಗ್ ಬದಲಿಸಲಾಗದು ಅಂತ ಉತ್ತರ ಬಂತು. ಕೆಳಗೆ ಒಂದು ಲಿಂಕು: ನಮ್ಮ ಸೇವೆಗೆ 10ಕ್ಕೆ ಎಷ್ಟು ಕೊಡುತ್ತೀರಿ?

ಸೊನ್ನೆ ಕೊಟ್ಟೆ. ಯಾಕೆ ಅಂತ ಕೇಳುವ ಬಾಕ್ಸ್ ತೆರೆಯಿತು. ಬರೆಯುತ್ತಾ ಹೋದರೆ ಎರಡನೇ ವಾಕ್ಯಕ್ಕೇ ಅಕ್ಷರದ ಮಿತಿ ಮುಗೀತು ಅಂತ ಕೆಂಪಾಯಿತು. ಮಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.