ಜಿಪುಣರ ದುಂದು

ಒಬ್ಬರೋ ಇಬ್ಬರೋ ಕೂತು ಮಾಡಿದ ಅನಿಮೆ, ಅಂದರೆ ಜಪಾನಿ ಶೈಲಿಯ ಕಾರ್ಟೂನು, ಕಿರುಚಿತ್ರಗಳನ್ನು ನಾನು ಕಥೆಗಾಗಿ ನೋಡುವುದು ಕಡಿಮೆ. ಮಾಡಿದವನು ಶ್ರಮವನ್ನು ಎಲ್ಲಿ ಉಳಿಸಿದ, ಎಲ್ಲಿ ಸುರಿದ ಅಂತ ನೋಡುತ್ತೇನೆ. ಹುಡುಗಿ ಬೆನ್ನು ತೋರಿಸಿ ಮಾತಾಡುತ್ತಿದ್ದಾಳಾ? ಸರಿ, ಬಾಯಿಯ ಚಲನೆ ಬರೆಯುವ ಕೆಲಸ ತಪ್ಪಿತು. ತರಗತಿಯಲ್ಲಿ ಬೆಂಚುಗಳಿವೆ, ಮಕ್ಕಳೇ ಇಲ್ಲವಾ? ಸಂಜೆ ಬಿಸಿಲು ಹಾಕಿ ಎಲ್ಲರನ್ನೂ ಮನೆಗೆ ಕಳಿಸಿಬಿಟ್ಟಿದ್ದಾನೆ. ಆಮೇಲೆ ಇದ್ದಕ್ಕಿದ್ದಂತೆ ರೈಲೊಂದು ಹಾದುಹೋಗುತ್ತದೆ. ಮೂರೇ ಸೆಕೆಂಡು. ಪ್ರತಿ ಕಿಟಕಿಯ ಬೆಳಕೂ ಹುಡುಗಿಯ ಕೆನ್ನೆಯ ಮೇಲೆ ಬಿದ್ದು ಹೋಗುತ್ತದೆ. ಅಲ್ಲಿಯವರೆಗೆ ಉಳಿಸಿದ್ದೆಲ್ಲ ಅಲ್ಲಿ ಖರ್ಚಾಗಿದೆ.

ಹೀಗೆ ಉಳಿಸದೆ ಬೇರೆ ದಾರಿಯೂ ಇಲ್ಲ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. ಜಪಾನಿನವರು ಸಾಮಾನ್ಯವಾಗಿ ಒಂದೇ ಚಿತ್ರವನ್ನು ಮೂರು ಫ್ರೇಮುಗಳವರೆಗೆ ಎಳೆದು, 8 ಚಿತ್ರದಲ್ಲಿ ಸೆಕೆಂಡು ದಾಟಿಸುತ್ತಾರೆ. ಅಷ್ಟು ಹಿಡಿತ ಮಾಡಿದರೂ ನಿಮಿಷಕ್ಕೆ 480 ಚಿತ್ರ ಬೇಕು. ಹಗಲೆಲ್ಲ ಬೇರೆ ಕೆಲಸ ಮಾಡಿ ರಾತ್ರಿ ಬಿಡಿಸುವವನು ಜಿಪುಣನಾಗದೆ ಏನು ಮಾಡಿಯಾನು?

ಈ ಜಿಪುಣರ ಪೈಕಿ ನನಗೆ ತುಂಬಾ ಇಷ್ಟವಾದವರು ಒಸಾಕಾದ ಕಾಲೇಜು ಹುಡುಗರು. 1981ರಲ್ಲಿ ಅಲ್ಲಿ ನಡೆದ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಸಮ್ಮೇಳನದ ಹೆಸರು ಡೈಕಾನ್ 3. ಅದರ ಉದ್ಘಾಟನೆಗೆ ಅಂತ ಐದಾರು ನಿಮಿಷದ ಅನಿಮೆ ಮಾಡಿದರು. ಹಿಡೆಯಾಕಿ ಅನ್ನೊ, ಹಿರೊಯುಕಿ ಯಮಾಗ, ತಕಾಮಿ ಅಕಾಯಿ. ಆಗ ಯಾರಿಗೂ ಗೊತ್ತಿಲ್ಲದ ಹೆಸರುಗಳು. ಚಿತ್ರಕ್ಕೆ ಬಣ್ಣ ಹಚ್ಚಲು ಬೇಕಾದ ಪಾರದರ್ಶಕ ಹಾಳೆ ದುಬಾರಿ. ಅದರ ಬದಲು ಅಗ್ಗದ ವಿನೈಲ್ ಹಾಳೆ ತಂದು ಕತ್ತರಿಸಿಕೊಂಡರು. ಒಂದರ ಮೇಲೊಂದು ಪೇರಿಸಿಟ್ಟರೆ ಅಂಟಿಕೊಳ್ಳುತ್ತಿತ್ತು, ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತಿತ್ತು. ದೋಸೆ ಕಾವಲಿಗೆ ಹಿಡಿದುಕೊಂಡಾಗ ಆಗುವ ಹಾಗೆ.

ಕಥೆಯಂತೂ ಇಷ್ಟೇ. ಬೆನ್ನಿಗೆ ಶಾಲೆಯ ಬ್ಯಾಗು ಹಾಕಿಕೊಂಡ ಪುಟ್ಟ ಹುಡುಗಿ ಒಂದು ಲೋಟ ನೀರು ಹಿಡಿದು ಹೊರಡುತ್ತಾಳೆ. ಬಾಡುತ್ತಿರುವ ಮೂಲಂಗಿಗೆ ಹಾಕಬೇಕು. ದಾರಿಯಲ್ಲಿ ಎಲ್ಲೆಲ್ಲಿಯ ಸಿನಿಮಾ, ಟಿವಿ ಸರಣಿಗಳ ರಾಕ್ಷಸರು, ಯಂತ್ರಗಳು ಅವಳ ಮೇಲೆ ಬೀಳುತ್ತವೆ. ಬೇರೆಯವರ ಪಾತ್ರಗಳು, ಅನುಮತಿಯ ಮಾತೇ ಇಲ್ಲ. ಹುಡುಗಿ ಎಲ್ಲರನ್ನೂ ಹೊಡೆದು ಹಾಕಿ ನೀರು ಎರೆಯುತ್ತಾಳೆ. ಮೂಲಂಗಿ ಆಕಾಶನೌಕೆಯಾಗಿ ಎದ್ದು ನಿಲ್ಲುತ್ತದೆ. ಗೆರೆ ಅಲ್ಲಲ್ಲಿ ಒರಟು, ಬಣ್ಣ ಒಂದೇ ಸಮ ಇಲ್ಲ. ಆದರೆ ಸ್ಫೋಟಗಳನ್ನು ನೋಡಬೇಕು! ಹೊಗೆಯ ಒಂದೊಂದು ಸುರುಳಿಗೂ ಜೀವ ಇದೆ. ಕಾಸು ಖರ್ಚಾದದ್ದು ಎಲ್ಲಿ ಅಂತ ಕುರುಡನಿಗೂ ಗೊತ್ತಾಗುತ್ತದೆ.

ಎರಡು ವರ್ಷದ ಮೇಲೆ ಇವರೇ ಡೈಕಾನ್ 4 ಮಾಡಿದರು. ಅದು ಇನ್ನೂ ಚೆಂದ. ಅದಕ್ಕೆ ಇಂಗ್ಲೆಂಡಿನ ರಾಕ್ ತಂಡ ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾದ 'ಟ್ವೈಲೈಟ್' ಹಾಡನ್ನು ಕೇಳದೆ ಹಾಕಿಕೊಂಡರು. ಹಾಗಾಗಿ ಚಿತ್ರವನ್ನು ರಾಜಾರೋಷವಾಗಿ ಅಂಗಡಿಯಲ್ಲಿ ಮಾರಲು ದಾರಿಯಿರಲಿಲ್ಲ. ಅದು ಉಳಿದದ್ದು ಟೇಪಿನಿಂದ ಟೇಪಿಗೆ ಇಳಿಸಿಕೊಂಡ ನನ್ನಂಥವರ ದುರಾಸೆಯಿಂದ. ಈ ಹುಡುಗರು 1984ರಲ್ಲಿ ಗೈನಾಕ್ಸ್ ಎಂಬ ಅನಿಮೆ ಕಂಪನಿ ಕಟ್ಟಿದರು, 1995ರಲ್ಲಿ ಅನ್ನೊ 'ಇವಾಂಗೆಲಿಯನ್' ಎಂಬ ಟಿವಿ ಸರಣಿ ತೆಗೆದು ಜಗತ್ಪ್ರಸಿದ್ಧನಾದ. ಅದೆಲ್ಲ ಬೇರೆ ಪುರಾಣ. ನನ್ನ ಹಾರ್ಡ್ ಡಿಸ್ಕಿನಲ್ಲಿ ಡೈಕಾನ್ 4ರ ಹಲವು ಪ್ರತಿಗಳಿವೆ. ಸ್ವಚ್ಛವಾದದ್ದೂ ಇದೆ. ಮಸುಕಾದವನ್ನು ಅಳಿಸಲು ಮಾತ್ರ ಮನಸ್ಸು ಬರುವುದಿಲ್ಲ. "ಒಂದೇ ಕಾರ್ಟೂನು ಎಷ್ಟು ಸಲ ಇಟ್ಕೋತೀರಿ?" ಎಂದು ಹೆಂಡತಿ ಕೇಳುತ್ತಾಳೆ. ಬೀರುವಿನಲ್ಲಿರುವ ಸೀರೆಗಳ ಬಗ್ಗೆ ನಾನು ಮಾತೆತ್ತುವುದಿಲ್ಲ, ಅದಕ್ಕೇ ಮನೆ ನಡೆಯುತ್ತಿದೆ.

ಹೀಗೆ ಕೂಡಿಡುವುದಕ್ಕೆ ಕಾರಣವೂ ಉಂಟು. ಇಂಥ ಚಿತ್ರಗಳ ನೆಗೆಟಿವ್ ಕಾಪಾಡುವ ಸ್ಟುಡಿಯೋ ಯಾವುದೂ ಇರುವುದಿಲ್ಲ. ಮಾಡಿದವನಿಗೆ ಮದುವೆಯಾಗಿ, ಹಳೆಯದನ್ನು ನೋಡಿ ನಾಚಿಕೆಯಾಗಿ ಅಳಿಸಿಬಿಟ್ಟರೆ ಮುಗಿಯಿತು. 2024ರ ಜೂನ್‌ನಲ್ಲಿ ಸೈಬರ್ ದಾಳಿಯಾಗಿ ಜಪಾನಿನ ನಿಕೊನಿಕೊ ಎಂಬ ವಿಡಿಯೋ ತಾಣ ಸುಮಾರು ಎರಡು ತಿಂಗಳು ಮಲಗಿತ್ತು. ಅಲ್ಲಿ ಎಷ್ಟು ಜನರ ರಾತ್ರಿಗಳು ಇದ್ದವೋ! ಆಗಸ್ಟ್‌ನಲ್ಲಿ ಅದು ಎದ್ದಾಗ ನಾನು ದೇವರಿಗೆ ಕಾಯಿ ಒಡೆಸಲಿಲ್ಲ, ಅಷ್ಟೇ.

ಅಕ್ಕನ ಮಗಳು ಬೆಂಗಳೂರಿನ ಮಾಲ್‌ನಲ್ಲಿ ಮಕೊತೊ ಶಿಂಕಾಯಿ ನಿರ್ದೇಶಿಸಿದ ಅನಿಮೆ ಸಿನಿಮಾ 'ಸುಜುಮೆ' ನೋಡಿ ಬಂದವಳು. "ಮಾಮ, ಆಕಾಶ ಹೆಂಗೆ ಬಿಡಿಸ್ತಾರೆ ನೋಡ್ಬೇಕು ನೀವು" ಎಂದಳು. ನಾನು 1999ರ ಅವನ ಐದು ನಿಮಿಷದ ಬೆಕ್ಕಿನ ಚಿತ್ರ ಹಾಕಿದೆ. ಗೇಮ್ ಕಂಪನಿಯ ನೌಕರಿಯಲ್ಲಿದ್ದಾಗ ಮಾಡಿದ್ದು. ಕಪ್ಪು ಬಿಳುಪು. ಬೆಕ್ಕಿನ ದನಿ ಅವನದೇ. ಬೆಕ್ಕಂತೂ ನಾಲ್ಕು ಗೆರೆಯ ಗೊಂಬೆ. ಮನೆಯೊಡತಿಯ ಮುಖ ಸರಿಯಾಗಿ ಕಾಣಿಸುವುದೇ ಇಲ್ಲ. ಮಳೆ, ಫೋನು, ವಿದ್ಯುತ್ ಕಂಬಗಳ ತಂತಿ ಮಾತ್ರ ಧಾರಾಳ. 2002ರಲ್ಲಿ 25 ನಿಮಿಷದ 'ಹೊಶಿ ನೊ ಕೊಎ'ಯನ್ನೂ ಮನೆಯ ಮ್ಯಾಕ್ ಕಂಪ್ಯೂಟರಿನಲ್ಲಿ ಬಹುಪಾಲು ಒಬ್ಬನೇ ಮಾಡಿದ. ಮೊದಲ ಪ್ರತಿಗೆ ದನಿ ಕೊಟ್ಟವರು ಅವನು ಮತ್ತು ಅವನ ಭಾವೀ ಪತ್ನಿ. ಅದರಲ್ಲೂ ಜನ ಕಡಿಮೆ, ಮೋಡ ಜಾಸ್ತಿ. ಮನುಷ್ಯರನ್ನು ಕುಣಿಸುವುದಕ್ಕಿಂತ ಮೋಡ ಸುಲಭ, ಅಲ್ವಾ? ಈಗ ಕೈತುಂಬ ದುಡ್ಡು, ದೊಡ್ಡ ತಂಡ ಇದ್ದರೂ ಅವನ ಆಕಾಶ ಹೋಗಿಲ್ಲ. ಅವಳಿಗೆ ಇದನ್ನು ಹೇಳಿದೆ. "ಸುಮ್ನೆ ಇರಿ ಮಾಮ" ಎಂದಳು.

ಸಂಗ್ರಹದಲ್ಲಿ ಜಪಾನಿನವರಷ್ಟೇ ಇಲ್ಲ. ಬ್ರಿಟನ್ನಿನ ಪಾಲ್ ಜಾನ್ಸನ್ 'ಸ್ಟಾರ್ ವಾರ್ಸ್' ಲೋಕವನ್ನು ಎಂಬತ್ತರ ದಶಕದ ಅನಿಮೆ ಶೈಲಿಯಲ್ಲಿ ಬಿಡಿಸಿದ. 2015ರಲ್ಲಿ ಹೊರಬಂತು. ಏಳು ನಿಮಿಷಕ್ಕೆ ನಾಲ್ಕು ವರ್ಷದ ವಾರಾಂತ್ಯಗಳು. ಮಾತಿನ ಬದಲು ಗಿಟಾರು, ಉಳಿದ ಶ್ರಮವೆಲ್ಲ ನೌಕೆಗಳ ಹೊಳಪಿಗೆ.

ಜಿಪುಣತನದ ಶಿಖರ ಮಾತ್ರ 'ಬ್ಯಾಡ್ ಆ್ಯಪಲ್'. ತೊಹೊ ಎಂಬ ಗೇಮಿನ ಹಾಡಿಗೆ ಅಭಿಮಾನಿಗಳು ಮಾಡಿದ ಚಿತ್ರ. 2008ರಲ್ಲಿ ಒಬ್ಬ ಬರೀ ಸ್ಟೋರಿಬೋರ್ಡ್, ಅಂದರೆ ದೃಶ್ಯಗಳ ಕರಡು ಚಿತ್ರ, ನೆಟ್‌ನಲ್ಲಿ ಹಾಕಿ, ಯಾರಾದರೂ ಮಾಡಿ ಅಂದ. ಮರುವರ್ಷ ಅಪರಿಚಿತರು ಮಾಡಿಯೇ ಬಿಟ್ಟರು. ಕಣ್ಣಿಲ್ಲ, ಬಾಯಿಲ್ಲ, ಬಣ್ಣವಿಲ್ಲ. ಬಿಳಿಯ ಮೇಲೆ ಕಪ್ಪು ನೆರಳು, ಕಪ್ಪಿನ ಮೇಲೆ ಬಿಳಿ. ಆದರೆ ಆ ನೆರಳುಗಳ ಕುಣಿತ! ಲಂಗ ತಿರುಗುವಾಗ ಬಟ್ಟೆಯ ತೂಕ ಗೊತ್ತಾಗುತ್ತದೆ. ಎರಡೇ ಬಣ್ಣ ಆದ್ದರಿಂದ ಎಂಥ ಬಡ ಪರದೆಯಲ್ಲೂ ಓಡುತ್ತದೆ ಅಂತ ಜನ ಅದನ್ನು ಕ್ಯಾಲ್ಕುಲೇಟರಿನಲ್ಲಿ, ವಿದ್ಯುತ್ ಅಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಓಡಿಸುತ್ತಾ ಬಂದಿದ್ದಾರೆ. ಅವಕ್ಕೇ ಬೇರೆ ಫೋಲ್ಡರ್ ಮಾಡಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.