ಕೇಸರಿ ಬೇಳೆ ಮಾರಲು ಬಿಡಬೇಕಾ?

ಪರ

ಕಲಬುರಗಿಯಲ್ಲಿ ಕೂತು, ತೊಗರಿ ಬೇಳೆಯಂತೆಯೇ ಕಾಣುವ ಅಗ್ಗದ ಕೇಸರಿ ಬೇಳೆ ಪರ ಬರೆಯುವುದೆಂದರೆ ಮನೆಯಲ್ಲೇ ಬೈಸಿಕೊಳ್ಳುವ ಕೆಲಸ. ನಮ್ಮದು ತೊಗರಿ ನಾಡು. 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್ ಕೂಡ ಬಂತು. ಅದಕ್ಕೆ ಕೇಸರಿ ಬೇಳೆ ಬೆರೆಸುವವರನ್ನು ಕಂಡರೆ ನನಗೂ ಸಿಟ್ಟೇ. ಆದರೆ ಕಲಬೆರಕೆಯ ಸಿಟ್ಟನ್ನು ಬೆಳೆಯ ಮೇಲೆ ತೀರಿಸಿಕೊಂಡರೆ ಹೇಗೆ?

1961ರಿಂದ ಇದನ್ನು ಮಾರುವಂತಿಲ್ಲ. ಆದರೂ ಛತ್ತೀಸಗಢ, ಬಿಹಾರದ ಕಡೆ ಜನ ಈಗಲೂ ಬೆಳೆಯುತ್ತಾರೆ, ತಿನ್ನುತ್ತಾರೆ. ಭತ್ತ ಕೊಯ್ಯುವ ಮುಂಚೆ ಗದ್ದೆಯಲ್ಲಿ ಬೀಜ ಎರಚಿದರೆ ಸಾಕು, ಉಳಿದ ತೇವದಲ್ಲೇ ಬರುತ್ತದೆ. ನೆಟೆ ರೋಗಕ್ಕೆ ತೊಗರಿ ಹೊಲಕ್ಕೆ ಹೊಲವೇ ಒಣಗಿದ್ದನ್ನು ನೋಡಿದ ನಮಗೆ ಇಂಥ ಗಟ್ಟಿ ಬೆಳೆಯ ಬೆಲೆ ಗೊತ್ತಾಗಬೇಕು.

ಭಯ ಇರುವುದು ಅದರೊಳಗಿನ ಓಡಾಪ್ ಎಂಬ ವಸ್ತುವಿನದು. ಅದು ಗ್ಲುಟಮೇಟ್‌ನಂತೆಯೇ ಇದೆ. ಗ್ಲುಟಮೇಟ್ ಅಂದ ತಕ್ಷಣ ಬೆಚ್ಚಬೇಡಿ. ಮೆದುಳಲ್ಲಿ ಒಂದು ನರಕೋಶ ಇನ್ನೊಂದನ್ನು ಎಬ್ಬಿಸುವುದು ಹೆಚ್ಚಾಗಿ ಅದರಿಂದಲೇ. ಟೊಮೆಟೊದಲ್ಲೂ ಇದೆ. ತಿಂದದ್ದು ಬಹುಪಾಲು ಕರುಳಲ್ಲೇ ಖರ್ಚಾಗಿ ಹೋಗುತ್ತದೆ.

ಓಡಾಪ್ ಹಾಗಲ್ಲ, ಒಪ್ಪುತ್ತೇನೆ. ಆದರೆ ಕಾಲು ಸೆಟೆದುಕೊಳ್ಳುವ ಲ್ಯಾಥಿರಿಸಂ ಒಂದು ಬಟ್ಟಲು ಬೇಳೆಯಿಂದ ಬರುವುದಿಲ್ಲ. ಊಟದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದೇ ಆಗಿ, ಎರಡು ಮೂರು ತಿಂಗಳು ಹಾಗೇ ನಡೆದರೆ ಬರುತ್ತದೆ. ಮಧ್ಯಪ್ರದೇಶದ ರೀವಾ ಕಡೆ ಜೀತದಾಳುಗಳಿಗೆ ಕೂಲಿ ಅಂತ ಇದೇ ಕಾಳು ಅಳೆದು ಕೊಡುತ್ತಿದ್ದರು, ಬೇರೆ ತಿನ್ನಲು ಗತಿ ಇರಲಿಲ್ಲ, ಕಾಲು ಕಳೆದುಕೊಂಡರು. ಅಲ್ಲಿ ತಪ್ಪು ಯಾರದು, ಕಾಳಿನದಾ?

ಈಗ ರತನ್, ಪ್ರತೀಕ್‌ನಂಥ ಓಡಾಪ್ ಕಡಿಮೆ ಇರುವ ತಳಿಗಳಿವೆ. ನೆನೆಸಿ, ಕುದಿಸಿ, ನೀರು ಚೆಲ್ಲಿದರೆ ಇನ್ನೂ ಕಡಿಮೆಯಾಗುತ್ತದೆ. ಬಡವರಿಗೆ ಅಗ್ಗದ ಪ್ರೋಟೀನ್. ಬಿಡಿ ಮಾರಲಿ.

ವಿರೋಧ

ಮೇಲೆ ಬರೆದವರು ಗ್ಲುಟಮೇಟ್ ಹೆಸರು ಹೇಳಿದರು, ಅದು ತಟ್ಟುವ ಬಾಗಿಲಿನ ಸುದ್ದಿಯನ್ನೇ ಎತ್ತಲಿಲ್ಲ. ವಿಷಯ ಇರುವುದೇ ಅಲ್ಲಿ.

ನರಕೋಶದ ಹೊರಪೊರೆಯಲ್ಲಿ ಗ್ಲುಟಮೇಟ್‌ಗೆ ಅಂತಲೇ ಬಾಗಿಲುಗಳಿವೆ. ಅವೇ ರಿಸೆಪ್ಟರ್‌ಗಳು. ಒಂದರ ಹೆಸರು ಆಂಪಾ. ನಾಲ್ಕು ತುಂಡು ಸೇರಿ ಆದದ್ದು, ನಡುವೆ ಸಣ್ಣ ದಾರಿ. ಗ್ಲುಟಮೇಟ್ ಬಂದು ಕೂತ ಕೂಡಲೇ ದಾರಿ ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಕೋಶ ಎಚ್ಚರವಾಗುತ್ತದೆ. ಕೆಲವೇ ಮಿಲಿಸೆಕೆಂಡ್, ಮತ್ತೆ ಬಂದ್. ಅಕ್ಕಪಕ್ಕದ ಕೋಶಗಳು ಉಳಿದ ಗ್ಲುಟಮೇಟ್ ಹೀರಿ ಜಾಗ ಚೊಕ್ಕ ಮಾಡುತ್ತವೆ. ಇನ್ನೊಂದು ಬಾಗಿಲು ಎನ್‌ಎಂಡಿಎ, ಅದು ಸ್ವಲ್ಪ ಹುಷಾರಿ. ಅದರ ಬಾಯಿಗೆ ಮೆಗ್ನೀಸಿಯಂನ ಬಿರಡೆ ಇರುತ್ತದೆ. ಗ್ಲುಟಮೇಟ್ ಒಂದೇ ಬಂದರೆ ತೆಗೆಯುವುದಿಲ್ಲ. ಗ್ಲೈಸೀನ್‌ನಂಥ ಜೊತೆಗಾರ ಬೇಕು, ಕೋಶ ಮೊದಲೇ ಎದ್ದಿರಬೇಕು, ಆಗ ಬಿರಡೆ ಹಾರಿ ಕ್ಯಾಲ್ಸಿಯಂ ಒಳಗೆ ಬರುತ್ತದೆ. ನಾವು ಮಗ್ಗಿ ಕಲಿಯುವುದಕ್ಕೂ ಈ ಕ್ಯಾಲ್ಸಿಯಂ ಬೇಕು ನೋಡಿ.

ಇಂಥ ಬಾಗಿಲಿಗೆ ಓಡಾಪ್ ಕಳ್ಳ ಬೀಗದ ಕೈ. ಅದನ್ನು ಬೇಳೆಯಿಂದ ಬೇರ್ಪಡಿಸಿ ತೋರಿಸಿದವರು ನಮ್ಮವರೇ, 1964ರಲ್ಲಿ ರಾವ್, ಅಡಿಗ ಮತ್ತು ಶರ್ಮ. ಅದು ಆಂಪಾಗೆ ಸರಿಯಾಗಿ ಕೂರುತ್ತದೆ. ಬಾಗಿಲು ಪದೇ ಪದೇ ತೆರೆದರೆ ಸೋಡಿಯಂ ತುಂಬುತ್ತದೆ, ಹಿಂದೆಯೇ ಬಿರಡೆ ಹಾರಿ ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶ ದಣಿದು ಸಾಯುತ್ತದೆ. ಹೀಗೆ ಅತಿಯಾಗಿ ಕೆರಳಿಯೇ ಕೋಶ ಸಾಯುವುದಕ್ಕೆ ಜಾನ್ ಓಲ್ನಿ ಎಂಬ ವಿಜ್ಞಾನಿ ಒಂದು ಹೆಸರೂ ಕೊಟ್ಟರು, ಎಕ್ಸೈಟೋಟಾಕ್ಸಿಸಿಟಿ ಅಂತ. ಲ್ಯಾಥಿರಿಸಂನಲ್ಲಿ ಪೆಟ್ಟು ಬೀಳುವುದು ಕಾಲು ನಡೆಸುವ ನರಗಳಿಗೆ. ಬುದ್ಧಿ ಚೆನ್ನಾಗಿರುತ್ತದೆ, ಮಾತು ಚೆನ್ನಾಗಿರುತ್ತದೆ, ಕಾಲು ಮಾತ್ರ ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತದೆ. ಹೋದ ಕಾಲು ವಾಪಸ್ ಬರುವುದಿಲ್ಲ, ಅದಕ್ಕೆ ಔಷಧಿ ಇಲ್ಲ.

ಕಡಿಮೆ ತಿಂದರೆ ಏನೂ ಆಗಲ್ಲ ಅಂತೀರಿ, ಸರಿ. ಆದರೆ ಅಗ್ಗದ ಕಾಳನ್ನು ಕಡಿಮೆ ತಿನ್ನುವವರು ಯಾರು? ಉಳ್ಳವರು. ಬಡವರ ತಟ್ಟೆಯಲ್ಲಿ ಅದು ದಿನಾ ಇರುತ್ತದೆ. ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಇದೇ: ಮಳೆ ಕೈಕೊಟ್ಟಾಗ ಗಿಡದಲ್ಲಿ ಓಡಾಪ್ ಏರುತ್ತದೆ. ಅಂದರೆ ಬೇರೆ ಬೆಳೆ ಕೈಬಿಟ್ಟ ವರ್ಷವೇ ಇದರ ವಿಷ ಜಾಸ್ತಿ, ಜನ ಇದನ್ನು ತಿನ್ನುವುದೂ ಜಾಸ್ತಿ. ನೆಟೆ ರೋಗದ ನೆನಪು ತಂದವರು ಇದನ್ನೂ ಲೆಕ್ಕ ಹಾಕಬೇಕಿತ್ತು.

ರತನ್ ತಳಿ ಒಳ್ಳೆಯದೇ ಇರಬಹುದು. ಗಂಜ್ ಮಾರುಕಟ್ಟೆಗೆ ಬಂದು ಬಿದ್ದ ಚೀಲದಲ್ಲಿ ಹೊಸ ತಳಿ ಯಾವುದು, ಹಳೆಯದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳುವವರು ಯಾರು? ಚೀಲಕ್ಕೆ ಚೀಲ ಪರೀಕ್ಷೆ ಮಾಡುವ ವ್ಯವಸ್ಥೆ ಮೊದಲು ಬರಲಿ, ಮಾರುವ ಮಾತು ಆಮೇಲೆ ಆಡೋಣ.

ಇನ್ನು ನೀರು ಚೆಲ್ಲುವ ಉಪಾಯ. ಹೋಳಿಗೆ ಮಾಡಿದ ದಿನ ಬೇಳೆ ಬಸಿದ ನೀರಲ್ಲೇ ಕಟ್ಟಿನ ಸಾರು ಮಾಡಿ, ಎರಡು ದಿನ ಕುದಿಸಿ ಕುದಿಸಿ ಉಣ್ಣುವ ಮಂದಿ ನಾವು. ಆ ನೀರು ಬಚ್ಚಲಿಗೆ ಚೆಲ್ಲು ಅಂತ ನಮ್ಮವ್ವನಿಗೆ ಹೇಳುವವರು ಮೊದಲು ಮುಂದೆ ಬರಲಿ.