ಏಕಾಏಕಿ ಬಂದ ಚುಕ್ಕೆಗಳನ್ನು ಕಡೆಗಣಿಸಬೇಡಿ

ಕಣ್ಣೆದುರು ತೇಲುವ ಕಪ್ಪು ಚುಕ್ಕೆಗಳು ವಯಸ್ಸಾದಂತೆ ಬರುತ್ತವೆ, ಹೆದರಬೇಡಿ ಎಂದು ಲೇಖನವೊಂದರಲ್ಲಿ ಓದಿದೆ. ವರ್ಷಗಳಿಂದ ಇರುವ ಒಂದೆರಡು ಚುಕ್ಕೆಗಳ ಮಟ್ಟಿಗೆ ಅದು ಸರಿ. ಆದರೆ ಏಕಾಏಕಿ ಹತ್ತಾರು ಚುಕ್ಕೆ ಕಾಣಿಸಿಕೊಂಡರೆ, ಕಣ್ಣಂಚಿನಲ್ಲಿ ಮಿಂಚು ಹೊಳೆದರೆ, ದಯವಿಟ್ಟು ಈ ಮಾತು ನಂಬಿ ಕೂರಬೇಡಿ. ಕಣ್ಣೊಳಗಿನ ಲೋಳೆಯಂಥ ದ್ರವ ಕುಗ್ಗಿ ರೆಟಿನಾದಿಂದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಕಳಚಿಕೊಳ್ಳುವಾಗ ಆ ರೆಟಿನಾವನ್ನೇ ಎಳೆದು ಹರಿಯಬಹುದು. ಹೀಗೆ ಹೊಸದಾಗಿ ಚುಕ್ಕೆ, ಮಿಂಚು ಕಾಣಿಸಿಕೊಂಡು ಕಣ್ಣಿನ ತಜ್ಞರ ಬಳಿ ಬಂದವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ರೆಟಿನಾ ಹರಿದಿತ್ತು ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2009ರ ವರದಿಯೊಂದು ಹೇಳಿದೆ. ಇದೇನು ಸಣ್ಣ ಸಂಖ್ಯೆಯೇ? ಜೊತೆಗೆ ದೃಷ್ಟಿಯೂ ಮಂಜಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಒಂದು ಬದಿಯಿಂದ ಪರದೆ ಇಳಿದಂತೆ ನೆರಳು ಕಂಡರಂತೂ ಅಂದೇ ಹೋಗಬೇಕು.

ನೋವೇ ಇರುವುದಿಲ್ಲವಾದ್ದರಿಂದ ಜನ ತಡ ಮಾಡುತ್ತಾರೆ. ಹೆಚ್ಚು ಮೈನಸ್ ಪವರ್ ಇರುವವರು, ಪೊರೆ ಆಪರೇಷನ್ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು ಇನ್ನಷ್ಟು ಎಚ್ಚರವಾಗಿರಬೇಕು. ಕನ್ನಡಕದ ಅಂಗಡಿಯಲ್ಲಿ ಪವರ್ ನೋಡಿಸಿದರೆ ಸಾಲದು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ಪರೀಕ್ಷಿಸಬೇಕು. (ಅಂದು ನೀವೇ ಗಾಡಿ ಓಡಿಸಬೇಡಿ.) ರೆಟಿನಾ ಬರೀ ಹರಿದ ಹಂತದಲ್ಲೇ ಸಿಕ್ಕಿದರೆ ಸಾಮಾನ್ಯವಾಗಿ ಲೇಸರ್ ಸಾಕು, ರೆಟಿನಾವೇ ಕಳಚಿದ ಮೇಲೆ ಆಪರೇಷನ್ನೇ ಬೇಕಾಗುತ್ತದೆ. ಮೊದಲ ತಪಾಸಣೆಯಲ್ಲಿ ಏನೂ ಇಲ್ಲದಿದ್ದರೂ ಮುಂದಿನ ವಾರಗಳಲ್ಲಿ ಹರಿಯಬಹುದು. ಚುಕ್ಕೆ ಹೆಚ್ಚಿದರೆ ಮತ್ತೆ ತೋರಿಸಿ.